ತಾರಿಣಿ ಮಲಗಿದ ಮನೆಗಳು

ನಾನು ಊರೂರು ತಿರುಗಿ, ಜನರ ಕಣ್ಣೆದುರೇ ಇಡ್ಲಿ ಹಿಟ್ಟು ರುಬ್ಬಿ ತೋರಿಸುವವಳು. ಕಂಪನಿಯವರು ಇದಕ್ಕೊಂದು ಉದ್ದನೆಯ ಹೆಸರಿಟ್ಟು ಎದೆಗೆ ಬಿಲ್ಲೆ ಚುಚ್ಚಿದ್ದಾರೆ, ಕೆಲಸ ಮಾತ್ರ ಇಷ್ಟೇ. ಬಸ್‌ಸ್ಟ್ಯಾಂಡಿನ ಪಕ್ಕ ಶಾಮಿಯಾನ ಹಾಕಿಸಬೇಕು, ಮೇಜಿನ ಮೇಲೆ ಗ್ರೈಂಡರ್ ಇಡಬೇಕು, ಅದರ ತಲೆ ಎರಡು ಸಲ ತಟ್ಟಿ ಸ್ವಿಚ್ ಹಾಕಬೇಕು, ನೆನೆದ ಉದ್ದು ಸುರಿದು 'ನೋಡಿ ಅಕ್ಕ, ಹೇಗೆ ಬೆಣ್ಣೆ ಬಂದ ಹಾಗೆ ಬರ್ತಿದೆ' ಅನ್ನಬೇಕು. ಕೊನೆಗೆ ಹಿಟ್ಟಿನ ಒಂದು ತೊಟ್ಟನ್ನು ನೀರಿಗೆ ಬಿಟ್ಟು ತೇಲಿಸಿ ತೋರಿಸಬೇಕು. ಅದು ತೇಲಿದರೆ ವ್ಯಾಪಾರ, ಮುಳುಗಿದರೆ ನಾನೂ ಮುಳುಗಿದೆ. ಅಷ್ಟೇ ಸಮಾಚಾರ. ಹೀಗೆ ನಾನು ಕಂಡವರ ಊರಿನಲ್ಲಿ ಹಿಟ್ಟು ತೇಲಿಸುತ್ತಿದ್ದ ದಿನಗಳಲ್ಲಿ ನನ್ನ ಮಗಳು ತಾರಿಣಿ ಕಂಡವರ ಮನೆಯಲ್ಲಿ ಇಡ್ಲಿ ತಿನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಇಡ್ಲಿ ಆದದ್ದು ನನಗೆ ನೆನಪಿಲ್ಲ. ಇಡೀ ದಿನ ಅದರ ಮುಖ ನೋಡಿ ಬಂದವಳಿಗೆ ಮನೆಯಲ್ಲೂ ಅದನ್ನೇ ನೋಡು ಅಂದರೆ ಆಗುತ್ತದೆಯೇ.

ಬೇರೆ ಊರಾಗಿದ್ದರೆ ಮಗುವನ್ನು ನಾಲ್ಕು ಮನೆಯಲ್ಲಿ ಬಿಟ್ಟು ಹೋಗುವುದು ಒಂದು ವಿಷಯವೇ ಅಲ್ಲ. ನಮ್ಮ ಊರಿನ ಸಂಗತಿ ಹಾಗಲ್ಲ. ಇಲ್ಲಿ ಯಾರೇ ಆಗಲಿ ಇನ್ನೊಬ್ಬರ ಮನೆಯಲ್ಲಿ ರಾತ್ರಿ ಮಲಗಿದರೆ, ಏಳುವ ಹೊತ್ತಿಗೆ ಆ ಮನೆಯವರ ಚಾಳಿಯೊಂದು ಮೈಗೆ ಅಂಟಿಕೊಂಡಿರುತ್ತದೆ. ಬಂದದ್ದಕ್ಕೆ ಜಾಗ ಬೇಕಲ್ಲ, ಹಾಗಾಗಿ ಮೊದಲಿದ್ದ ಒಂದು ಉದುರಿ ಹೋಗಿರುತ್ತದೆ. ದಿನಾ ಅಂಟುತ್ತದೆ ಅಂತಲೂ ಇಲ್ಲ. ಕೆಲವು ಮನೆಗಳದು ಧಾರಾಳ ಕೈ, ಕೆಲವದು ಬಿಗಿ ಮುಷ್ಟಿ. ಊರಿನವರು ಇದಕ್ಕೆ ಹೊಂದಿಕೊಂಡು ತಲೆಮಾರುಗಳೇ ಕಳೆದಿವೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳುವುದಿಲ್ಲ, ಚಿಕ್ಕವಳಿದ್ದಾಗ ಎಲ್ಲೆಲ್ಲಿ ಮಲಗಿದ್ದಳು ಎಂದು ಕೇಳುತ್ತಾರೆ. ನೆಂಟರಿಗೆ ಹೊಟ್ಟೆ ತುಂಬ ಬಡಿಸಿ ಕತ್ತಲಾಗುವ ಮೊದಲೇ ಸಾಗಹಾಕುವುದು ಇಲ್ಲಿ ಮರ್ಯಾದೆ. ಊರಿಗಿರುವ ಒಂದೇ ಲಾಡ್ಜಿನ ಮಾಲೀಕರಿಗೆ ಮೀಸೆ ತಿರುವುವ ಅಭ್ಯಾಸ, ಅಲ್ಲಿ ಉಳಿದ ಹೆಂಗಸರೂ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇಲ್ಲದ ಮೀಸೆ ತಿರುವುತ್ತಿರುತ್ತಾರೆ. ಠಾಣೆಯ ಲಾಕಪ್ಪಿನಲ್ಲಿ ಒಂದು ರಾತ್ರಿ ಕಳೆದ ಕಳ್ಳ ಆಮೇಲೆ ಯಾರನ್ನು ಕಂಡರೂ ಸೆಲ್ಯೂಟ್ ಹೊಡೆಯುತ್ತಾನೆ, ಅದರಿಂದಲೇ ಮತ್ತೆ ಸಿಕ್ಕಿಬೀಳುತ್ತಾನೆ. ಏನು ಅಂಟಿತು ಎನ್ನುವುದನ್ನು ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. ಉದುರಿದ್ದು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ತಲೆ ಕೆಡಿಸಿಕೊಂಡವರಲ್ಲ. ಊರಿನ ಗಡಿ ದಾಟಿದರೆ ಇದ್ಯಾವುದೂ ಇಲ್ಲ. ಊರೂರಿನ ಲಾಡ್ಜುಗಳಲ್ಲಿ ಮಲಗಿ ನನಗೆ ಅಂಟಿದ್ದು ಬೆನ್ನುನೋವು ಒಂದೇ.

ನನ್ನ ಗಂಡ ಮಧುಕೇಶ ತೀರಿಕೊಂಡಾಗ ತಾರಿಣಿಗೆ ನಾಲ್ಕು ವರ್ಷ. ಅವನಿಗೊಂದು ಅಭ್ಯಾಸವಿತ್ತು. ಗಡ್ಡ ಕೆರೆದುಕೊಳ್ಳುವುದೋ, ಪೈಜಾಮಕ್ಕೆ ಲಾಡಿ ಪೋಣಿಸುವುದೋ, ಇಂಥ ನಾಜೂಕು ಕೆಲಸಕ್ಕೆ ಬಗ್ಗಿದಾಗ ಮುಂದಿನ ಎರಡು ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳು ಹಾಕುತ್ತಿದ್ದ. ಅದು ಯಾವ ಹಾಡೂ ಅಲ್ಲ. ಎರಡು ಮೆಟ್ಟಿಲು ಮೇಲೆ ಹತ್ತಿ, ಮೂರನೆಯದಕ್ಕೆ ಉಸಿರು ಸಾಲದೆ ದೊಪ್ಪನೆ ಕೆಳಗೆ ಬೀಳುವಂಥದು. ಅದನ್ನೇ ಮಗಳು ಕಲಿತಿದ್ದಳು, ಚಪ್ಪಲಿಯ ಬಕಲ್ ಹಾಕುವಾಗ ಸಿಳ್ಳಿನಲ್ಲಿ ಥೇಟ್ ಅವನಂತೆಯೇ ಬೀಳುತ್ತಿದ್ದಳು. ಅವನು ಹೋದ ಮೇಲೆ ನಾನು ಈ ಕೆಲಸಕ್ಕೆ ಸೇರಿದೆ, ಅವಳು ಬೇರೆಯವರ ಮನೆಯಲ್ಲಿ ಮಲಗಲು ಶುರು ಮಾಡಿದಳು, ಸ್ವಲ್ಪ ದಿನದಲ್ಲೇ ಆ ಸಿಳ್ಳು ನಿಂತುಹೋಯಿತು. ಮಕ್ಕಳು ಬೇಗ ಮರೆಯುತ್ತವೆ ಅಂದುಕೊಂಡೆ. ಆ ದಿನ ಅಡುಗೆಮನೆಯಲ್ಲಿ ಒಂದಿಷ್ಟು ಅತ್ತೆ, ಆಮೇಲೆ ಬಸ್ಸಿಗೆ ಹೊತ್ತಾಯಿತು.

ಮಗುವನ್ನು ಕಂಡವರ ಮನೆಗೆ ಕಳಿಸುವ ಬದಲು ಯಾರನ್ನಾದರೂ ನಮ್ಮ ಮನೆಯಲ್ಲೇ ಮಲಗಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಅದನ್ನೂ ಮಾಡಿದ್ದಾಯಿತು. ಈರಮ್ಮ ಎನ್ನುವ ಗಟ್ಟಿಗಿತ್ತಿ ಹೆಂಗಸನ್ನು ಗೊತ್ತು ಮಾಡಿದೆ. ಒಂದು ರಾತ್ರಿ ಮಲಗಿದಳು. ಬೆಳಿಗ್ಗೆ ಎದ್ದವಳೇ ಗ್ಯಾಸ್ ಒಲೆಯ ತಲೆ ತಟ್ಟಿ 'ಸುಮ್ನಿರು' ಅಂದಳಂತೆ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಹೆದರಿ, ಕಾಫಿಯನ್ನೂ ಕುಡಿಯದೆ ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. 'ನಿಮ್ಮನೇಲಿ ಏನೋ ಐತೆ' ಎಂದು ಹೇಳಿ ಕಳಿಸಿದಳು. ಅದು ಯಾರ ಚಾಳಿಯೋ ನಾನು ಕಾಣೆ, ನಮಗಿಂತ ಮೊದಲು ಆ ಮನೆಯಲ್ಲಿ ಬಾಡಿಗೆಗಿದ್ದವರದೇ ಇರಬೇಕು. ಆ ಸುದ್ದಿ ಬೀದಿಗೆ ಹಬ್ಬಿದ ಮೇಲೆ ನಮ್ಮ ಮನೆಯಲ್ಲಿ ಮಲಗಲು ಯಾರೂ ಒಪ್ಪಲಿಲ್ಲ. ನನಗಾದ ಲಾಭವೆಂದರೆ ಅವತ್ತಿನಿಂದ ಹೇರ್‌ಪಿನ್ನಿನಲ್ಲಿ ಕಿವಿ ಕೆರೆದುಕೊಳ್ಳುವ ಒಂದು ತುರಿಕೆ ಶುರುವಾದದ್ದು.

ಸರಿ, ಹೇಗಿದ್ದರೂ ಮಗುವಿಗೆ ಏನಾದರೂ ಅಂಟಲೇಬೇಕು ಅಂದಮೇಲೆ ಒಳ್ಳೆಯದೇ ಅಂಟಲಿ ಎಂದು ನಾನು ಜಾಣತನ ಮಾಡಿದೆ. ಸಾಮಾನು ಮಾರುವವಳ ಬುದ್ಧಿ ನೋಡಿ, ಎಲ್ಲದರಲ್ಲೂ ಆಫರ್ ಹುಡುಕುತ್ತದೆ. ಲೆಕ್ಕ ಬರಲಿ ಎಂದು ಗಾಣದ ಓಣಿಯ ರುದ್ರಾರಾಧ್ಯ ಮೇಷ್ಟ್ರ ಮನೆಯಲ್ಲಿ ಮಲಗಿಸಿದೆ. ಮಾರನೆಯ ದಿನ ತಾರಿಣಿ ದಿಂಬಿನ ಕೆಳಗೆ ಬೆಲ್ಲ ಬಚ್ಚಿಡಲು ಶುರು ಮಾಡಿದಳು. ಹೆಂಡತಿಗೆ ತಿಳಿಯದ ಹಾಗೆ ಮೇಷ್ಟ್ರು ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟು ನನ್ನ ಮಗಳಿಂದ ಬಯಲಾಯಿತು. ಲೆಕ್ಕ ಮಾತ್ರ ಬರಲಿಲ್ಲ. ಸಂಗೀತ ಬರಲಿ ಎಂದು ಅಲಮೇಲಮ್ಮನವರ ಮನೆಗೆ ಕಳಿಸಿದೆ, ಮೂರು ಸಲ ಗಂಟಲು ಸರಿಮಾಡಿಕೊಳ್ಳದೆ ನೀರು ಕೂಡ ಕೇಳದಂತಾದಳು. ಉಪ್ಪಿನಕಟ್ಟೆಯ ಟೈಲರ್ ದಸ್ತಗೀರ್ ಸಾಬರ ಹೆಂಡತಿ ಜುಲೇಖಾಬಿ ಬಹಳ ಅಚ್ಚುಕಟ್ಟಿನ ಹೆಂಗಸು, ಆ ಅಚ್ಚುಕಟ್ಟು ಬರಲಿ ಎಂದು ಅಲ್ಲಿಗೆ ಕಳಿಸಿದರೆ, ಸಿಕ್ಕ ದಾರವನ್ನೆಲ್ಲ ಹಲ್ಲಿನಲ್ಲಿ ಕಚ್ಚಿ ಕತ್ತರಿಸುವ ಚಾಳಿ ಬಂತು. ನನ್ನ ಸೀರೆಗಳ ಕುಚ್ಚೆಲ್ಲ ಹೋಯಿತು. ಜೊತೆಗೆ ಎದುರಿಗೆ ಯಾರು ನಿಂತರೂ ಕಣ್ಣಲ್ಲೇ ಅಳತೆ ತೆಗೆಯುವುದು ಬೇರೆ. ಶಾಲೆಯ ಹೆಡ್‌ಮಿಸ್ ಒಂದು ದಿನ ನನ್ನನ್ನು ಕರೆಸಿದರು. ತಾರಿಣಿ ಅವರ ಮುಂದೆ ನಿಂತು, ಮೂರು ಸಲ ಗಂಟಲು ಸರಿಮಾಡಿಕೊಂಡು, 'ಮಿಸ್, ಕಂಕುಳಲ್ಲಿ ಬಿಗಿ ಇದೆ, ಬಿಚ್ಚಿ ಬಿಡ್ಬೇಕು' ಅಂದಿದ್ದಳಂತೆ.

'ಮಗೂನ ಎಲ್ಲೆಲ್ಲಿ ಮಲಗಿಸ್ತೀರಿ ನೀವು' ಎಂದು ಅವರು ಕೇಳಿದರು. ನಾನು ಹಲ್ಲು ಕಿಸಿದೆ. ಮಾರಾಟಕ್ಕೆ ಇಳಿದ ಮೇಲೆ ಮಾತಿಗೆ ಸಿಕ್ಕಿಕೊಂಡಾಗ ಹಲ್ಲು ಕಿಸಿಯುವುದು ಚೆನ್ನಾಗಿ ರೂಢಿಯಾಗಿದೆ. ಅವರ ಕಂಕುಳಲ್ಲಿ ಬಿಗಿ ಇದ್ದದ್ದೂ ನಿಜವೇ, ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಮಗಳನ್ನು ಮಲಗಿಸಿದ ಮನೆಯವರಿಗೂ ಚಿತ್ರವಿಚಿತ್ರ ಚಾಳಿಗಳು. ರುದ್ರಾರಾಧ್ಯ ಮೇಷ್ಟ್ರು ಅಷ್ಟು ಓದಿದವರು, ಯಾವ ಮಾತಿಗೂ ಕೊನೆಯಲ್ಲಿ 'ಅಷ್ಟೇ ಸಮಾಚಾರ' ಎಂದು ಬಾಲ ಅಂಟಿಸುತ್ತಾರೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಜುಲೇಖಾಬಿ ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗುತ್ತಾರೆ, ಮತ್ತೆ ವಾಪಸ್ ಬಂದು ಬೀಗ ಜಗ್ಗಿ ನೋಡಿ ಅದಕ್ಕೆ 'ನೋಡ್ಕೋ' ಎಂದು ಹೇಳಿ ಹೋಗುತ್ತಾರೆ. ನಾನು ತಾರಿಣಿಯನ್ನು ಬಿಡಲು ಹೋದಾಗ ಒಂದೆರಡು ಸಲ ಇದನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದೇನೆ. ಮನೆಗೆ ಬಂದು, ಬೀಗ ಹಾಕಿ, ಬಸ್ಸಿಗೆ ಹೊರಟು, ತಿರುವಿನಿಂದ ವಾಪಸ್ ಬಂದು ಬೀಗ ಜಗ್ಗಿ ನೋಡುವಾಗಲೂ ಅದೇ ನೆನಪಾಗಿ ನಗು ಬಂದಿದೆ.

ಇನ್ನೊಂದು ವಿಷಯ. ಇವತ್ತು ಯಾರ ಮನೆ ಎನ್ನುವುದನ್ನು ತಾರಿಣಿಯೇ ತೀರ್ಮಾನಿಸುತ್ತಿದ್ದಳು. ನಾನು ಹೊರಡುವ ದಿನ ಮಾತ್ರ ಮೇಷ್ಟ್ರ ಮನೆಯೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಹುಷಾರಿಲ್ಲದಿದ್ದರೆ, ಶಾಲೆಯಲ್ಲಿ ಯಾರಾದರೂ ಬೈದಿದ್ದರೆ ಉಪ್ಪಿನಕಟ್ಟೆ. ಮೇಷ್ಟ್ರ ಮನೆಯ ಒಗ್ಗರಣೆ ಮಂಡಕ್ಕಿ, ಜುಲೇಖಾಬಿಯ ಶಾವಿಗೆ ಪಾಯಸ ಇದಕ್ಕೆಲ್ಲ ಕಾರಣ ಎಂದು ನಾನು ತಿಳಿದಿದ್ದೆ. ಅಮ್ಮ ಅಡುಗೆ ಮಾಡದಿದ್ದರೆ ಮಕ್ಕಳು ನಾಲಿಗೆಯ ಹಿಂದೆ ಹೋಗುತ್ತವೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ಭಾನುವಾರ ಮಗಳ ಎದುರು ಕೂತು ನೋಡುತ್ತೇನೆ, ಇವಳಲ್ಲಿ ನನ್ನದು ಏನಿದೆ? ಬೆಲ್ಲ ಬಚ್ಚಿಡುವುದು ಮೇಷ್ಟ್ರದು, ಗಂಟಲು ಅಲಮೇಲಮ್ಮನವರದು, ಹಲ್ಲು ಜುಲೇಖಾಬಿಯದು. ನನ್ನ ಘನವಾದ ಗುಣಗಳನ್ನೆಲ್ಲ ಒಂದೊಂದಾಗಿ ಹುಡುಕಿದೆ. ನನ್ನ ನೆಟ್ಟಗಿನ ಬೆನ್ನು ಅವಳಿಗಿಲ್ಲ. ನನ್ನ ಹೊತ್ತಿಗೆ ಸರಿಯಾಗಿ ಏಳುವ ಶಿಸ್ತು ಇಲ್ಲ. ನನ್ನ ದುಂಡಗಿನ ಅಕ್ಷರ ಇಲ್ಲ. ಅವಳಿಂದ ಉದುರಿದ್ದೆಲ್ಲ ಏನೇನೋ ಸಣ್ಣಪುಟ್ಟ ಕಿರಿಕಿರಿಗಳು, ಅವು ಹೋದದ್ದೇ ಒಳ್ಳೆಯದಾಯಿತು ಎಂದು ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಹೆತ್ತವಳು ಅನ್ನುವುದಕ್ಕೆ ಒಂದು ಗುರುತೂ ಇಲ್ಲದ ಹಾಗೆ ನನ್ನ ಮಗಳು ಊರಿನವರ ಮಗಳಾಗಿ ಕೂತಿದ್ದಳು. ಇದೊಂದನ್ನು ತಮಾಷೆ ಮಾಡಿ ಹೇಳಲು ಈಗಲೂ ನನಗೆ ಆಗುವುದಿಲ್ಲ.

ಅದೇ ವಾರ ಕಂಪನಿಯಿಂದ ಫೋನ್ ಬಂತು. ಮೂರು ಜಿಲ್ಲೆ ಹೊಸದಾಗಿ ಕೊಟ್ಟಿದ್ದೇವೆ, ಇನ್ನು ಮೇಲೆ ತಿಂಗಳಿಗೆ ಅರ್ಧ ತಿಂಗಳು ಹೊರಗೆ, ಆಗದಿದ್ದರೆ ಹೇಳಿ, ಬೇರೆಯವರು ಕಾಯುತ್ತಿದ್ದಾರೆ ಎಂದರು. ಆಗುತ್ತೆ ಸಾರ್ ಅಂದೆ. ಅನ್ನದೆ ಏನು ಮಾಡಲಿ, ಮನೆಗೆ ತರುವವಳು ನಾನೊಬ್ಬಳೇ. ಫೋನ್ ಇಟ್ಟು ಗ್ಯಾಸ್ ಒಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅತ್ತಿಗೆ ಚಂದ್ರಮತಿಗೆ ಫೋನ್ ಮಾಡಿದೆ.

ಚಂದ್ರಮತಿ ಮಧುಕೇಶನ ಅಕ್ಕ. ಕೋಟೆ ಮೇಲಿನ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಮಕ್ಕಳಿಲ್ಲ. ಆ ಮನೆಯಲ್ಲಿ ಚಪ್ಪಲಿಗಳು ಮೂತಿ ಹೊರಗೆ ಮಾಡಿ ಸಾಲಾಗಿ ನಿಂತಿರುತ್ತವೆ, ಊಟದ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ, ಗೋಡೆಗಡಿಯಾರದ ಸದ್ದು ಬೀದಿಗೆ ಕೇಳುತ್ತದೆ. ತಮ್ಮನ ಮಗಳು ಹತ್ತು ಮನೆಯ ತೇಪೆಯಾಗುತ್ತಿದ್ದಾಳೆ ಎಂದು ಅವಳು ನನ್ನ ಮೇಲೆ ಮೊದಲಿನಿಂದ ಮುಖ ಊದಿಸಿಕೊಂಡಿದ್ದಳು. ಶಾಲೆ ಮುಗಿಯುವವರೆಗೆ ಅವಳನ್ನು ನನ್ನ ಹತ್ತಿರ ಬಿಡು ಎಂದು ಎಷ್ಟೋ ಸಲ ಕೇಳಿದ್ದಳು, ನಾನು ಒಪ್ಪಿರಲಿಲ್ಲ. ಯಾಕೆಂದರೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಮಲಗಿದವರು ಪೂರ್ತಿಯಾಗಿ ಆ ಮನೆಯವರೇ ಆಗಿಬಿಡುತ್ತಾರೆ. ನಮ್ಮ ಊರಿನಲ್ಲಿ ಸೊಸೆಯಂದಿರು ಹತ್ತು ವರ್ಷಕ್ಕೆ ಅತ್ತೆಯರಾಗುವುದು ಹಾಗೆಯೇ. ಈಗ ಮಾತ್ರ ನಾನೇ ಸೋತು, 'ಅಕ್ಕಾ, ಕರ್ಕೊಂಡು ಹೋಗಿ' ಅಂದೆ. ಹೇಗೂ ಅವಳಲ್ಲಿ ನನ್ನದೇನೂ ಉಳಿದಿಲ್ಲ, ಹತ್ತು ಮನೆಯವಳಾಗುವುದಕ್ಕಿಂತ ಒಂದು ಮನೆಯವಳಾಗಲಿ ಅಂದುಕೊಂಡೆ. ತಾರಿಣಿಗೆ ಹೇಳಿದಾಗ ಅವಳು ಅಳಲಿಲ್ಲ. ಮೂರು ಸಲ ಗಂಟಲು ಸರಿಮಾಡಿಕೊಂಡಳು, ಅಷ್ಟೇ.

ಶನಿವಾರ ಮಧ್ಯಾಹ್ನ ಚಂದ್ರಮತಿ ಬಂದಳು. ಕೈಯಲ್ಲಿ ದಪ್ಪ ಬಟ್ಟೆಯ ಹೊಸ ಚೀಲ, ತಾನೇ ಹೊಲಿದದ್ದು. ಹೊರಗಿನ ಟೈಲರುಗಳನ್ನು ನಂಬುವವಳೇ ಅಲ್ಲ ಅವಳು. ಮಗುವಿನ ಬಟ್ಟೆಬರೆ ಊರೆಲ್ಲ ಹಂಚಿಹೋಗಿದೆ ಎಂದು ನಾನು ಹೇಳಿದ್ದಕ್ಕೆ, 'ಹಂಚಿಹೋಗಿದ್ದನ್ನೆಲ್ಲ ಈವತ್ತೇ ಎತ್ಕೊಂಡು ಬರೋಣ ನಡಿ, ನಾಳೆಯಿಂದ ಯಾರ ಮನೆಗೂ ಹೋಗೋದು ಬೇಡ' ಅಂದಳು. ಮೂವರೂ ಹೊರಟೆವು. ತಿರುವಿನಿಂದ ನಾನು ಒಮ್ಮೆ ವಾಪಸ್ ಹೋಗಿ ಬೀಗ ನೋಡಿ ಬಂದೆ. ಚಂದ್ರಮತಿ ನಿಟ್ಟುಸಿರು ಬಿಟ್ಟಳು.

ಮೊದಲು ಮೇಷ್ಟ್ರ ಮನೆ. ಅಲ್ಲಿ ತಾರಿಣಿಯದೊಂದು ಟವೆಲ್ಲು, ಒಂದು ಲಂಗ, ದಿಂಬಿನ ಕೆಳಗೆ ಒಂದು ಅಚ್ಚು ಬೆಲ್ಲ ಇದ್ದವು. ಮೇಷ್ಟ್ರು ಎಲ್ಲವನ್ನೂ ತಂದುಕೊಟ್ಟರು. ಬೆಲ್ಲ ಕೊಡುವಾಗ ಮಾತ್ರ ಹೆಂಡತಿ ಎಲ್ಲಿದ್ದಾರೆ ಎಂದು ಹಿಂದೆ ನೋಡಿಕೊಂಡರು.

'ಹೋಗ್ತಾಳೆ ಅಂದ್ರೆ ಹೋಗ್ಲೇಬೇಕು, ತಡೆಯೋಕೆ ನಾವ್ಯಾರು' ಅಂದರು. 'ಮಗು ಇದ್ರೆ ಮನೇಲಿ ಒಂದಿಷ್ಟು ಮಾತು ಇರ್ತಿತ್ತು. ಅಷ್ಟೇ ಸಮಾಚಾರ.'

ಹೊರಗೆ ಬಂದ ಮೇಲೆ ಚಂದ್ರಮತಿ, 'ಈ ಮೇಷ್ಟ್ರು ಮಾತಾಡೋದು ಯಾರ ಥರಾನೋ ಇದೆಯಲ್ಲ' ಎಂದಳು. ಯಾರ ಥರವೂ ಇಲ್ಲ, ಅದು ಅವರ ಹಳೇ ರೋಗ ಎಂದು ನಾನು ಹೇಳಿದೆ. ತಾರಿಣಿ ನಮ್ಮಿಬ್ಬರ ಮುಖವನ್ನೂ ನೋಡಿ, ಜಡೆಯ ತುದಿ ಬಾಯಿಗೆ ಹಾಕಿಕೊಂಡಳು. ಅಲಮೇಲಮ್ಮನವರು ಮಗಳ ಮನೆಗೆ ಹೋಗಿದ್ದರಿಂದ ನೇರವಾಗಿ ಉಪ್ಪಿನಕಟ್ಟೆಗೆ ನಡೆದೆವು.

ಜುಲೇಖಾಬಿ ಬಾಗಿಲಲ್ಲೇ ತಾರಿಣಿಯ ಗಲ್ಲ ಹಿಡಿದು ಒಳಗೆ ಕರೆದರು. ನಾನು ಅಭ್ಯಾಸಬಲದಿಂದ ಹೊಸಿಲ ಹೊರಗೇ ನಿಂತೆ. ಯೋಚಿಸಿದರೆ ನಾಚಿಕೆಯಾಗುತ್ತದೆ, ನಾಲ್ಕು ವರ್ಷ ನನ್ನ ಮಗಳು ಮಲಗಿ ಎದ್ದ ಮನೆ ಅದು, ನಾನು ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಬಿಡುವಾಗ ಬಸ್ಸಿನ ಅವಸರ, ಕರೆದೊಯ್ಯುವಾಗ ಬೆನ್ನುನೋವಿನ ಅವಸರ. ಗೇಟಿನಲ್ಲೇ ಮಗುವನ್ನು ಕೊಟ್ಟು ಗೇಟಿನಲ್ಲೇ ಇಸಿದುಕೊಂಡು ಹೋದವಳು, ಕೊರಿಯರಿನವರ ಹಾಗೆ.

'ಈವತ್ತಾದ್ರೂ ಒಳಗೆ ಬಾರಮ್ಮಾ ಪಂಕಜಾಕ್ಷಿ' ಎಂದು ಜುಲೇಖಾಬಿ ಕರೆದರು. 'ಚಾ ಕುಡಿದ್ರೆ ಏನೂ ಅಂಟಲ್ಲ.'

ಒಳಗೆ ಹೋದೆವು. ಹಿಂದಿನ ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ ಹಾಕಿಕೊಂಡು ದಸ್ತಗೀರ್ ಸಾಬರು ನಮಗೆ ಬೆನ್ನು ಮಾಡಿ ಕೂತಿದ್ದರು. ತಾರಿಣಿ ಹೋಗಿ ಅವರ ಪಕ್ಕದ ಚಾಪೆಯ ಮೇಲೆ ತನ್ನ ಮಾಮೂಲಿ ಜಾಗ ಎಂಬಂತೆ ಕೂತಳು. ಜುಲೇಖಾಬಿ ಹೊದಿಕೆ ಮಡಿಸಿ ಚಂದ್ರಮತಿಯ ಕೈಗೆ ಕೊಟ್ಟರು. ದಾರ ತುಂಡಾಯಿತೆಂದು ಕಾಣುತ್ತದೆ, ಸಾಬರು ಮಿಷನ್ ನಿಲ್ಲಿಸಿದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಪೋಣಿಸಲು ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರ ಬಾಯಿಂದ ಸಣ್ಣ ಸಿಳ್ಳು ಹೊರಟಿತು. ಎರಡು ಮೆಟ್ಟಿಲು ಮೇಲೆ ಹತ್ತಿತು, ಮೂರನೆಯದಕ್ಕೆ ಉಸಿರು ಸಾಲದೆ ಕೆಳಗೆ ಬಿತ್ತು.

ಚಂದ್ರಮತಿಯ ಕೈಯಿಂದ ಹೊದಿಕೆ ಜಾರಿತು. 'ಮಧು' ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಾನು ಬಿದ್ದ ಹೊದಿಕೆಯನ್ನು ಎತ್ತಿಕೊಂಡೆ. ಸಾಬರಿಗೆ ಇದ್ಯಾವುದೂ ಗೊತ್ತಿಲ್ಲ. ದಾರ ಸೂಜಿಯ ಕಣ್ಣಿಗೆ ತಪ್ಪಿತು, ಮತ್ತೆ ಒದ್ದೆ ಮಾಡಿಕೊಂಡರು, ಮತ್ತೆ ಅದೇ ಸಿಳ್ಳು ಹತ್ತಿತು, ಮತ್ತೆ ಬಿತ್ತು. ನಾಲ್ಕು ವರ್ಷದ ಮೇಲೆ ನನ್ನ ಗಂಡ ಇನ್ನೊಬ್ಬರ ಬಾಯಲ್ಲಿ ಕೂತು ಉಸಿರಾಡುತ್ತಿದ್ದ.

'ಇವರಿಗೆ ಇದು ಯಾವಾಗಿಂದ' ಎಂದು ಚಂದ್ರಮತಿ ಕೇಳಿದಳು.

'ಸಿಳ್ಳಾ? ಮೊದ್ಲು ಇರ್ಲಿಲ್ಲಮ್ಮ. ಈ ಮಗು ಬಂದು ಮಲಗೋಕೆ ಶುರು ಮಾಡಿದ ಮೇಲೆ ಬಂತು' ಎಂದರು ಜುಲೇಖಾಬಿ. 'ಮುದುಕರಿಗೆ ಮನೇಲಿ ಮಗು ಓಡಾಡ್ತಿದೆ ಅಂತ ಖುಷಿ ಬಂದಿದೆ ಅಂದ್ಕೊಂಡೆ. ಯಾಕಮ್ಮಾ, ಏನಾಯ್ತು?'

ಉತ್ತರ ಹೇಳಿದವಳು ತಾರಿಣಿ. ಚಾಪೆಯ ಮೇಲೆ ಕೂತೇ, ಗಂಟಲು ಸರಿಮಾಡಿಕೊಂಡು ಹೇಳಿದಳು. 'ಅದು ಅಪ್ಪಂದು. ನನ್ನ ಹತ್ರ ಇತ್ತು, ಇಲ್ಲಿ ಮಲಗಿದಾಗ ಬಿದ್ದೋಯ್ತು. ಕೇಳ್ಬೇಕು ಅನ್ಸಿದಾಗ ಇಲ್ಲಿಗೆ ಬರ್ತೀನಿ. ಬೇರೆ ಕಡೆ ಸಿಗಲ್ಲ.'

'ನಂಗ್ಯಾಕೆ ಹೇಳ್ಲಿಲ್ಲ ನೀನು' ಅಂದೆ.

'ನಿಂಗೆ ಗೊತ್ತು ಅಂದ್ಕೊಂಡಿದ್ದೆ' ಎಂದಳು. 'ನಿಂದು ಮೇಷ್ಟ್ರ ಮನೇಲಿ ಇದೆಯಲ್ಲ. ನೀನು ಊರಿಗೆ ಹೋದ ದಿನ ಮೊದ್ಲು ಅಲ್ಲಿಗೇ ಹೋಗೋದು ಅದಕ್ಕೇ ತಾನೆ. ನಂಗೆ ನಿದ್ದೆ ಬರಲ್ಲ, ಆಗ ಅವ್ರು ಲೆಕ್ಕ ಹೇಳ್ಕೊಡ್ತಾರೆ. ಲೆಕ್ಕ ಮುಗಿದ ಮೇಲೆ ನಿನ್ನ ಥರ ಹೇಳ್ತಾರೆ, ಆಮೇಲೆ ನಿದ್ದೆ ಬರುತ್ತೆ.'

'ನನ್ನ ಥರ ಏನು ಹೇಳ್ತಾರೆ?'

'ಅಷ್ಟೇ ಸಮಾಚಾರ ಅಂತ.'

'ನಾನೆಲ್ಲಿ ಹಾಗೆ ಹೇಳ್ತೀನಿ?' ಅಂದೆ. 'ನಾನು ಹೇಳ್ಬೇಕಾದ್ದನ್ನ ನೆಟ್ಟಗೆ ಹೇಳೋಳು. ಅಷ್ಟೇ ಸಮಾಚಾರ.'

ಜುಲೇಖಾಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಚಂದ್ರಮತಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆ ನೀರಿನ ನಡುವೆಯೇ ಅವಳಿಗೆ ನಗು ಬಂತು. ನನಗೆ ಒಂದೊಂದಾಗಿ ಹೊಳೆಯತೊಡಗಿತು. ತಿರುವಿನಿಂದ ವಾಪಸ್ ಬಂದು ಜುಲೇಖಾಬಿ ಜಗ್ಗುವ ಬೀಗ ಹೊಳೆಯಿತು. ಈರಮ್ಮ ತಲೆ ತಟ್ಟಿದ ಗ್ಯಾಸ್ ಒಲೆ, ಅದರ ಬೆನ್ನಿಗೇ ನಾನು ಸಂತೆ ಸಂತೆಯಲ್ಲಿ ತಲೆ ತಟ್ಟುವ ಗ್ರೈಂಡರ್, ಈರಮ್ಮ ನನಗೆ ಬಿಟ್ಟುಹೋದ ಕಿವಿಯ ತುರಿ, ಎಲ್ಲವೂ ಹೊಳೆದವು. ಪಾಪ, ಹಿಂದಿನ ಬಾಡಿಗೆದಾರರನ್ನು ನಾನು ಸುಮ್ಮನೆ ಬೈದುಕೊಂಡಿದ್ದೆ. ಮಗಳಲ್ಲಿ ನನ್ನ ಗುರುತು ಹುಡುಕುವಾಗ ನೆಟ್ಟಗಿನ ಬೆನ್ನು, ದುಂಡಗಿನ ಅಕ್ಷರ ಎಂದು ಪದಕ ಎಣಿಸಿದವಳು ನಾನು. ನನ್ನದು ಅನ್ನುವುದು ಇಷ್ಟು ಚಿಲ್ಲರೆಯದು ಎಂದು ನನಗೇನು ಗೊತ್ತು. ಆ ಚಿಲ್ಲರೆಯನ್ನೇ ಹುಡುಗಿ ಮನೆಮನೆಯಲ್ಲಿ ಬಿಟ್ಟು, ಬೇಕಾದಾಗ ಹೋಗಿ ಅದರ ಪಕ್ಕ ಮಲಗಿ ಬರುತ್ತಿದ್ದಳು. ನಾನು ಒಗ್ಗರಣೆ ಮಂಡಕ್ಕಿ ಅಂದುಕೊಂಡಿದ್ದೆ.

ನಾನು ಹೋಗಿ ಅವಳ ಪಕ್ಕ ಚಾಪೆಯ ಮೇಲೆ ಕೂತೆ. ಅಪ್ಪಿಕೊಳ್ಳಬೇಕು ಅನ್ನಿಸಿತು, ಅಪ್ಪಿಕೊಂಡೆ. ಅವಳು ಸುಮ್ಮನೆ ಅಪ್ಪಿಸಿಕೊಂಡಳು, ಆಮೇಲೆ ನನ್ನ ಭುಜದ ಅಗಲ ಕಣ್ಣಲ್ಲೇ ನೋಡಿ, 'ಸಣ್ಣಗಾಗಿದ್ದೀಯ ಅಮ್ಮ, ರವಿಕೆಗೆ ಎರಡೂ ಕಡೆ ಒಂದೊಂದು ಹೊಲಿಗೆ ಹಿಡೀಬೇಕು' ಅಂದಳು.

ಚಂದ್ರಮತಿ ಇನ್ನೂ ನಿಂತೇ ಇದ್ದಳು. ಹೊಸ ಚೀಲ ಅವಳ ಮೊಣಕೈಗೆ ತೂಗುಬಿದ್ದಿತ್ತು, ಅದರೊಳಗೆ ಮೇಷ್ಟ್ರ ಮನೆಯ ಟವೆಲ್ಲು, ಲಂಗ, ಬೆಲ್ಲ. ಸಾಬರು ಅಷ್ಟರಲ್ಲಿ ದಾರ ಪೋಣಿಸಿ ಮುಗಿಸಿ ಮಿಷನ್ ತುಳಿಯುತ್ತಿದ್ದರು. ಮಿಷನ್ನಿನ ಸದ್ದಿನಲ್ಲಿ ಸಿಳ್ಳು ಇರಲಿಲ್ಲ. ಅವಳು ಸಾಬರ ಬೆನ್ನನ್ನೇ ನೋಡುತ್ತಾ ಕಾದಳು. ದಾರ ತುಂಡಾಗಲಿಲ್ಲ.

'ಅಕ್ಕಾ, ಹೊತ್ತಾಯ್ತು. ಉಳಿದ ಬಟ್ಟೆ ನಾಳೆ ತಂದುಕೊಡ್ತೀನಿ, ನೀವು ಇವಳನ್ನ ಕರ್ಕೊಂಡು ಹೊರಡಿ' ಎಂದೆ. ಮಾತು ಕೊಟ್ಟವಳು ನಾನು, ಅವಳು ಬಿಡುತ್ತಾಳೆ ಎನ್ನುವ ನಂಬಿಕೆ ನನಗಿರಲಿಲ್ಲ. ಹಾಗೆಂದುಕೊಂಡೇ ತಾರಿಣಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

'ಎಲ್ಲಿಗೆ ಕರ್ಕೊಂಡು ಹೋಗ್ಲಿ' ಎಂದಳು ಚಂದ್ರಮತಿ. 'ನಮ್ಮನೇಲಿ ಇವಳಿಗೆ ಕೇಳಿಸೋದಕ್ಕೆ ಏನಿದೆ? ಗಡಿಯಾರ. ನೀನು ಹೊಸ ಜಿಲ್ಲೆ ಸುತ್ಕೊಂಡು ಬಾ. ಇವಳು ಹೇಗೆ ಮಲಗ್ತಿದ್ದಳೋ ಹಾಗೇ ಮಲಗ್ಲಿ.' ಆಮೇಲೆ ನೆಲ ನೋಡುತ್ತಾ, 'ಸೋಮವಾರ ಮಾತ್ರ ನಮ್ಮನೇಲಿ ಮಲಗ್ಲಿ. ಏನಾದ್ರೂ ಒಂದು ಬೀಳಿಸಿ ಹೋದ್ರೆ ನಮಗೂ ಆಗುತ್ತೆ' ಎಂದಳು.

'ಬೆಲ್ಲ ಬಚ್ಚಿಡೋದು ಬೀಳಿಸ್ಲಾ ಅತ್ತೆ?' ಎಂದು ತಾರಿಣಿ ಕೇಳಿದಳು.

'ನಿಂಗೆ ಯಾವುದು ಬೇಡವೋ ಅದನ್ನೇ ಬೀಳಿಸು' ಎಂದಳು ಚಂದ್ರಮತಿ, ಊಟದ ಹೊತ್ತಿನಲ್ಲಿ ಯಾರಿಗೂ ಮಾತಾಡಲು ಬಿಡದ ಚಂದ್ರಮತಿ.

ಜುಲೇಖಾಬಿ ಚಾ ತಂದರು. ಕುಡಿದು ಮುಗಿದರೂ ಯಾರೂ ಏಳಲಿಲ್ಲ. ಸಾಬರು ಹೊಲಿಯುತ್ತಿದ್ದ ಅಂಗಿ ಮುಗಿಯಿತು, ಅದನ್ನು ಮಡಿಸಿಟ್ಟು, ಇವತ್ತಿಗೆ ಕೆಲಸ ಆಯಿತು ಎನ್ನುವಂತೆ ಬೆರಳು ನೆಟಿಗೆ ಮುರಿದರು, ಸೂಜಿಯಿಂದ ದಾರವನ್ನೂ ಎಳೆದು ತೆಗೆದರು. ಚಂದ್ರಮತಿ ಅದನ್ನು ನೋಡಿದಳು. ತನ್ನ ಚೀಲ ನೋಡಿದಳು. ಹೊಸ ಚೀಲ, ಎರಡೆರಡು ಹೊಲಿಗೆ ಹಾಕಿದ ಗಟ್ಟಿ ಹಿಡಿ. ಒಳಗಿದ್ದದ್ದನ್ನೆಲ್ಲ ನನ್ನ ಮಡಿಲಿಗೆ ಸುರಿದು, ಚೀಲವನ್ನು ತಾರಿಣಿಯ ಮುಂದೆ ಹಿಡಿದಳು. ತಾರಿಣಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಗ್ಗಿ ಹಿಡಿಯ ಬುಡದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಟಕ್ ಎಂದು ಕತ್ತರಿಸಿದಳು. ಇನ್ನೊಂದು ಬುಡವನ್ನೂ ಕತ್ತರಿಸಿದಳು.

'ಸಾಬರೇ, ಹಿಡಿ ಬಿಚ್ಚಿಹೋಗಿದೆ. ಇದೊಂದು ಹೊಲಿದು ಕೊಡ್ತೀರಾ?' ಎಂದಳು ಚಂದ್ರಮತಿ.

ದಸ್ತಗೀರ್ ಸಾಬರು ಚೀಲ ತೆಗೆದುಕೊಂಡು ತಿರುಗಿಸಿ ನೋಡಿದರು. ನನ್ನ ನಾಲಿಗೆಯ ತುದಿಗೆ ಮೇಷ್ಟ್ರ ಬಾಯಲ್ಲಿರುವ ಆ ಎರಡು ಮಾತು ಬಂದಿತ್ತು, ನುಂಗಿಕೊಂಡೆ. ತಾರಿಣಿ ನನ್ನ ತೊಡೆಗೆ ಒರಗಿದಳು, ಚಂದ್ರಮತಿ ಇನ್ನೊಂದು ಕಡೆ ಚಾಪೆಯ ಅಂಚಿನಲ್ಲಿ ಕೂತಳು. ಸಾಬರು ದಾರದ ತುದಿ ಒದ್ದೆ ಮಾಡಿಕೊಂಡು, ಕನ್ನಡಕ ಏರಿಸಿ, ಸೂಜಿಯ ಕಡೆಗೆ ಬಗ್ಗಿದರು.